ಅವ್ವನ ಲಿಂಗ ಕಡಲಿಗೆ ಬಿದ್ದದ್ದು

ಅವ್ವನಿಗೆ ಕಡಲು ತೋರಿಸಿದವನು ನಾನು. ಕೊಳ್ಳೇಗಾಲದಲ್ಲಿ ಇದನ್ನು ಇವತ್ತಿಗೂ ನನ್ನ ದೊಡ್ಡ ಪುಣ್ಯವೆಂದು ಹೇಳುತ್ತಾರೆ. "ಮಗ ಅಂದ್ರೆ ಗುರುಪಾದಸ್ವಾಮಿ ಕಣಪ್ಪ, ತಾಯ್ನ ರಾಮೇಶ್ವರಕ್ಕೆ ಕರ್ಕೊಂಡೋಗಿ ಬಂದ" ಎಂದು ನನ್ನ ರೇಷ್ಮೆ ಅಂಗಡಿಯ ಜಗಲಿಯ ಮೇಲೆ ಕೂತೇ ಹೊಗಳುತ್ತಾರೆ. ಹಾಗೆ ಹೊಗಳಿದವರನ್ನು ಕತ್ತು ಹಿಡಿದು ಆಚೆ ನೂಕಬೇಕು ಅನ್ನಿಸುತ್ತದೆ. ನೂಕುವುದಿಲ್ಲ, ನಗುತ್ತೇನೆ. ವ್ಯಾಪಾರದವನಿಗೆ ನಗುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಪುಣ್ಯದ ಮಾತು ಹಾಗಿರಲಿ, ನಾನು ಅವಳನ್ನು ಕರೆದುಕೊಂಡು ಹೋದದ್ದು ದೇವರಿಗಾಗಿ ಅಲ್ಲವೇ ಅಲ್ಲ. ನಮ್ಮದು ಲಿಂಗ ಕಟ್ಟಿದ ಮನೆತನ. ಶಿವ ಎದೆಯ ಮೇಲೇ ಇರುವಾಗ ರೈಲು ಹತ್ತಿ ಹುಡುಕಿಕೊಂಡು ಹೋಗುವುದೇನಿದೆ ಎಂದು ಅವ್ವನೇ ಅನ್ನುತ್ತಿದ್ದಳು. ನಾನು ತೋರಿಸಬೇಕೆಂದದ್ದು ಬೇರೆ. ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಓದಿದವನಾದ್ದರಿಂದ ನನಗೆ ತಮಿಳು ಚೆನ್ನಾಗಿ ಬರುತ್ತದೆ. ವ್ಯಾಪಾರಕ್ಕೆಂದು ಆ ಸೀಮೆ ತಿರುಗುವಾಗ ಒಮ್ಮೆ ರಾಮೇಶ್ವರದ ದ್ವೀಪದಲ್ಲಿ, ಪಾಂಬನ್ ಸ್ಟೇಷನ್ನಿನಿಂದ ಒಂದೂವರೆ ಮೈಲಿ ದೂರದ ಒಂದು ದಡಕ್ಕೆ ಹೋಗಿದ್ದೆ. ತಾಳೆಮರ, ನಾಲ್ಕೈದು ಗುಡಿಸಲು, ಬಿಳಿ ಮರಳು, ಅಷ್ಟೇ. ಅಲೆಯ ಸದ್ದಿಲ್ಲ, ನಮ್ಮ ಕೆರೆಯ ಹಾಗೆ ನೀರು ಸುಮ್ಮನೆ ಮಲಗಿತ್ತು. ಕಡಲಲ್ಲಿ ಮುಳುಗಿ ಶಂಖ ತೆಗೆಯುವ ಮುತ್ತಯ್ಯ ಎಂಬವನು ತನ್ನ ಕಣ್ಣಿಗೆ ಕಟ್ಟುವ ಗಾಜನ್ನು ನನ್ನ ಕಣ್ಣಿಗೆ ಕಟ್ಟಿದ. ಬಾಯಿಗೆ ಪರಂಗಿ ಎಲೆಯ ಒಣಗಿದ ದಂಟು ಕೊಟ್ಟು, ಅದರ ಇನ್ನೊಂದು ತುದಿ ನೀರಿನ ಮೇಲಿರಲಿ ಎಂದು ಹೇಳಿ, ಸೊಂಟದುದ್ದ ನೀರಿನಲ್ಲಿ ನನ್ನನ್ನು ಬಗ್ಗಿಸಿದ. ಕೆಳಗೆ ಹವಳದ ಗಿಡಗಳು, ಅವುಗಳ ಸಂದಿಯಲ್ಲಿ ಹಳದಿ ಮೀನು, ನೀಲಿ ಮೀನು. ಈಜು ಬಾರದ ನಾನು ಅರ್ಧ ಗಂಟೆ ತಲೆ ಎತ್ತಲಿಲ್ಲ. ಇದನ್ನು ಅವ್ವ ನೋಡಬೇಕು ಅನ್ನಿಸಿತು. ಧನಗೆರೆಯಲ್ಲಿ ಹುಟ್ಟಿ, ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದು, ಮಾದಪ್ಪನ ಬೆಟ್ಟ ಬಿಟ್ಟರೆ ಇನ್ನೇನೂ ಕಾಣದ ಹೆಂಗಸು. ತಾಯಿಗೆ ಲೋಕ ತೋರಿಸಿದ ಮಗ ಎನ್ನಿಸಿಕೊಳ್ಳುವ ಆಸೆಯೂ ಇತ್ತು, ಸುಳ್ಳು ಯಾಕೆ.

ಅರವತ್ತೊಂದನೇ ಇಸವಿಯ ಫೆಬ್ರವರಿಯಲ್ಲಿ ಹೊರಟೆವು. ಹೆಂಡತಿ ಸುವರ್ಣಮ್ಮ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟಳು. ಬಸ್ಸು ದಿಂಬಂ ಘಾಟಿ ಇಳಿಯುವಾಗ ಅವ್ವ ಕಣ್ಣು ಮುಚ್ಚಿ ಕೂತಿದ್ದಳು. ರೈಲು ಕಡಲಿನ ಮೇಲಿನ ಸೇತುವೆ ದಾಟುವಾಗ ಮಾತ್ರ ಕಣ್ಣು ಮುಚ್ಚಲಿಲ್ಲ. "ಇಷ್ಟೊಂದು ನೀರಿಟ್ಕಂಡು ಯಾರ್ಗೂ ಒಂದ್ಲೋಟ ಕೊಡಾಕಿಲ್ವಲ್ಲ, ಇದೆಂಥ ಜಿಪುಣ ಕಡ್ಲು ಕಣ್ಲಾ" ಅಂದಳು. ಎದುರಿಗೆ ಕೂತಿದ್ದವರಿಗೆ ನಾನು ಅದನ್ನು ತಮಿಳಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಅವ್ವನಿಗೆ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ದಡಕ್ಕೆ ಹೋದೆವು. ಅವ್ವ ಮೊದಲು ಮರಳಿನ ಮೇಲೆ ಕೂತು ಲಿಂಗಪೂಜೆ ಮಾಡಿ, ರೊಟ್ಟಿ ತಿಂದಳು. ಲಿಂಗಕ್ಕೆ ತೋರಿಸದೆ ಅವಳು ಏನನ್ನೂ ಬಾಯಿಗಿಟ್ಟವಳಲ್ಲ. ಮಾವಿನಹಣ್ಣಿರಲಿ, ಮಜ್ಜಿಗೆಯಿರಲಿ, ಹೊಸ ಸೀರೆಯೇ ಇರಲಿ, ಮೊದಲು ಲಿಂಗಕ್ಕೆ, ಆಮೇಲೆ ತನಗೆ. ಅವಳ ಕಾಲದ ಹೆಂಗಸರೆಲ್ಲ ಹಾಗೇ.

ಅರವತ್ತು ದಾಟಿದ ಹೆಂಗಸು ಸೀರೆ ಕಚ್ಚೆ ಕಟ್ಟಿ, ಮುತ್ತಯ್ಯನ ಗಾಜು ಕಣ್ಣಿಗೆ ಹಾಕಿಕೊಂಡು, ಬಾಯಲ್ಲಿ ಪರಂಗಿ ದಂಟು ಇಟ್ಟುಕೊಂಡು ನಿಂತದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವಳಿಗೂ. ಎರಡು ಸಲ ಕೆಮ್ಮಿದಳು, ಮೂರನೆಯ ಸಲ ಮುಖ ಮುಳುಗಿಸಿದವಳು ಅಲ್ಲಾಡಲಿಲ್ಲ. ಎಷ್ಟೋ ಹೊತ್ತಾದ ಮೇಲೆ ತಲೆ ಎತ್ತಿದಳು.

"ಲೇ ಗುರುಪಾದ, ಕೆಳಗೊಂದು ತೋಟ ಅದ ಕಣ್ಲಾ! ಯಾರೂ ನೀರಾಯಿಸ್ದೆ, ಯಾರೂ ಗೇಯ್ದೆ, ಎಂಗೆ ಬೆಳ್ದದ ನೋಡ್ಲಾ!"

ಅವಳ ದನಿಯಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಇನ್ನೊಂದು ಸಲ ಮುಳುಗಿಸಿದಳು. ಎದ್ದವಳ ಮುಖ ಇದ್ದಕ್ಕಿದ್ದ ಹಾಗೆ ಸಪ್ಪಗಾಯಿತು.

"ಅಯ್ಯೋ ಶಿವನೇ, ನಿಂಗೆ ತೋರಿಸ್ದೆ ನಾನೇ ನೋಡ್ಬುಟ್ನಲ್ಲಪ್ಪ."

ಕುತ್ತಿಗೆಯ ದಾರಕ್ಕೆ ಕಟ್ಟಿದ್ದ ವಸ್ತ್ರ ಬಿಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು. ಒಂದು ಅಡಿಕೆಯಷ್ಟು ದಪ್ಪದ ಕರಿಯ ಲಿಂಗ. ಮುಖ ನೀರಿಗಿಟ್ಟು, ಆ ಅಂಗೈಯನ್ನೂ ನೀರೊಳಗೆ ಇಳಿಸಿ ಬಿಚ್ಚಿ ಹಿಡಿದಳು, ಶಿವನೂ ನೋಡಲಿ ಎಂದು. ಆಗಲೇ ನನ್ನ ಕಾಲಿನ ಹತ್ತಿರ ಅಂಗೈಯಗಲದ ನೀಲಿ ಮೀನೊಂದು ಸುಳಿದದ್ದು. "ಅವ್ವಾ, ಇಲ್ನೋಡು, ಇಲ್ನೋಡು" ಎಂದು ಅವಳ ಎಡ ಮೊಳಕೈ ಹಿಡಿದು ಎಳೆದುಬಿಟ್ಟೆ.

ಅಷ್ಟೇ ಆದದ್ದು. ಅವ್ವ ತಲೆ ಎತ್ತಿದಳು. ಅಂಗೈ ಖಾಲಿಯಿತ್ತು.

ನಾನು ಕೆಳಗೆ ಕೈ ಹಾಕಿ ಹುಚ್ಚನ ಹಾಗೆ ಬಾಚಿದೆ. ಮರಳು ಕಲಕಿ ನೀರು ಬಗ್ಗಡವಾಯಿತು. ಮುತ್ತಯ್ಯ ಬೈದು ನನ್ನನ್ನು ದಡಕ್ಕೆ ಅಟ್ಟಿ, ತಾನು ಇಳಿದ. ಹವಳದ ಕೆಳಗೆಲ್ಲ ಪೊಟರೆಗಳು, ಪೊಟರೆಗಳ ತುಂಬ ಕರಿಯ ಕಲ್ಲುಗಳು. ಬಿಸಿಲಿಳಿಯುವವರೆಗೆ ಹುಡುಕಿದ. ಬೇರೆಯವರೂ ಇಳಿದು ಹುಡುಕಿದರು. ಸಿಗಲಿಲ್ಲ.

ಅವ್ವ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ತಾಳೆಮರದ ನೆರಳಲ್ಲಿ ಕೂತಳು. ನೀರು ಕೊಡಲು ಹೋದರೆ ಕೈ ಅಡ್ಡ ಹಿಡಿದಳು. ಲಿಂಗವಿಲ್ಲದ ಮೈಗೆ ಅನ್ನವಿಲ್ಲ, ನೀರಿಲ್ಲ; ಇದು ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಿಂದ ಕೇಳಿದ್ದೆ. ಕೇಳುವುದು ಬೇರೆ, ಹೆತ್ತವಳ ತುಟಿ ಒಣಗುವುದನ್ನು ನೋಡುವುದು ಬೇರೆ. ನನ್ನ ಲಿಂಗವನ್ನೇ ಬಿಚ್ಚಿ ಕೊಡಲು ಹೋದೆ.

"ನಿನ್ ಪ್ರಾಣ ಕಟ್ಕಂಡು ನಾ ನೀರು ಕುಡೀಲಾ? ಸುಮ್ಕಿರ್ಲಾ" ಅಂದಳು.

ಊರಿಗೆ ಹೋಗಿ ಮಠದ ಸ್ವಾಮಿಗಳು, ನಮ್ಮ ಬುದ್ದಿಯವರ ಕೈಯಲ್ಲಿ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದು ಎಂದೆ. ಊರು ಎರಡು ದಿನದ ದಾರಿ. ಈ ಜಾಗ ಬಿಟ್ಟು ಕದಲುವುದಿಲ್ಲ, ಸಿಕ್ಕರೆ ಇಲ್ಲೇ, ಇಲ್ಲದಿದ್ದರೆ ತಾನೂ ಇಲ್ಲೇ ಅಂದಳು. ಎರಡನೆಯ ದಿನ ಮಧ್ಯಾಹ್ನ ಕೂರಲಾರದೆ ಮಲಗಿದಳು. ಮುತ್ತಯ್ಯನ ಗುಡಿಸಲಲ್ಲಿ ಚಾಪೆ ಹಾಕಿದರು. ಮೂರನೆಯ ಬೆಳಿಗ್ಗೆ ಕರೆದರೆ ಓಗೊಡಲಿಲ್ಲ. ಕಣ್ಣು ಮಾತ್ರ ಬಿಟ್ಟಳು.

ಆಗ ನಾನು ದಡಕ್ಕೆ ಹೋಗಿ ಒಂದು ಕಲ್ಲು ಹುಡುಕಿದೆ. ಅಡಿಕೆಯಷ್ಟು ದಪ್ಪ, ಕಪ್ಪು, ನುಣುಪು. ಕಡಲಲ್ಲಿ ನೀನೇ ತೆಗೆದದ್ದೆಂದು ಹೇಳು ಎಂದು ಮುತ್ತಯ್ಯನ ಕಾಲು ಹಿಡಿದೆ. ಅವನು ನನ್ನ ಮುಖ ನೋಡಿ, "ಪಾವಂ ಅಯ್ಯಾ" ಅಂದ. ಪಾಪ ತಟ್ಟುತ್ತದೆ ಅಂದನೋ, ಪಾಪ ಮುದುಕಿ ಅಂದನೋ, ನಾನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವನು ಮೈ ನೆನೆಸಿಕೊಂಡು ಬಂದು, ಕಲ್ಲನ್ನು ಅವಳ ಅಂಗೈಯಲ್ಲಿಟ್ಟು, ಏನೂ ಹೇಳದೆ ಹೊರಗೆ ಹೋದ. ಹೇಳಿದವನು ನಾನು.

ಅವ್ವ ಅದರ ಮೇಲೆ ಹೆಬ್ಬೆರಳಾಡಿಸಿದಳು. "ನೀ ಕಚ್ಚಿದ್ ಅಲ್ಲಿನ ಗುರ್ತು ಸಿಕ್ತಿಲ್ವಲ್ಲಾ" ಅಂದಳು. ನಾನು ಹಾಲುಹಲ್ಲಿನ ಕೂಸಾಗಿದ್ದಾಗ ಅವಳ ಲಿಂಗವನ್ನು ಬಾಯಿಗೆ ಹಾಕಿ ಕಚ್ಚಿ, ಮೇಲಿನ ಲೇಪದಲ್ಲಿ ಹಲ್ಲು ಮೂಡಿಸಿದ್ದೆನಂತೆ.

"ಉಪ್ಪುನೀರು ಲೇಪ ತಿಂದ್ಬುಟ್ಟದ ಕಣವ್ವ."

"ಇದೇಯಾ?"

"ಇದೇ ಕಣವ್ವ. ನಿನ್ನಾಣೆ."

ಅವಳ ಕಣ್ಣಲ್ಲಿ ಎಲ್ಲಿತ್ತೋ ನೀರು, ಬಂತು. ಎದ್ದು ಕೂತು ಪೂಜೆ ಮಾಡಿದಳು, ನೀರು ಕುಡಿದಳು. ಮುತ್ತಯ್ಯನ ಹೆಂಡತಿ ಕೊಟ್ಟ ಗಂಜಿಯನ್ನು ಆ ಕಲ್ಲಿಗೆ ತೋರಿಸಿ ಉಂಡಳು. ನಾನು ಹೊರಗೆ ಬಂದು ಗುಡಿಸಲ ಹಿಂದೆ ಕೂತು ಗಟ್ಟಿಯಾಗಿ ಅತ್ತೆ. ಗೆದ್ದೆ ಅಂದುಕೊಂಡು ಅತ್ತದ್ದು ಅದು. ಕತ್ತೆ ನಾನು.

ಮಾರನೆಯ ದಿನ ಮಧ್ಯಾಹ್ನ ಪಾಂಬನ್ ಸ್ಟೇಷನ್ನಿನಲ್ಲಿ ಅವ್ವನನ್ನು ಬೆಂಚಿನ ಮೇಲೆ ಕೂರಿಸಿದ್ದೆ. ಅವಳು ಚೇತರಿಸಿಕೊಂಡು, ಸುವರ್ಣಮ್ಮನಿಗೆ ಶಂಖದ ಬಳೆ ಒಯ್ಯಬೇಕಿತ್ತೆಂದು ಮಾತಾಡುತ್ತಿದ್ದಳು. ಪ್ಲಾಟ್‌ಫಾರಂ ಮೇಲೆ ಯಾರೋ ಒದ್ದೆ ಪಂಚೆಯಲ್ಲಿ ಓಡಿ ಬರುವುದು ಕಂಡಿತು. ಮುತ್ತಯ್ಯ. ಸುಳ್ಳಿಗೆ ಮೈಯೊಡ್ಡಿದ ಸಂಕಟ ತಾಳಲಾರದೆ ಆ ಮನುಷ್ಯ ನಿನ್ನೆಯಿಡೀ, ಇವತ್ತು ಬೆಳಗಿನಿಂದ ಮತ್ತೆ, ಅದೇ ಜಾಗದಲ್ಲಿ ಮುಳುಗಿ ಮುಳುಗಿ ಒಂದೊಂದೇ ಪೊಟರೆ ಹುಡುಕಿದ್ದಾನೆ. "ಕೆಡಚಿರುಚ್ಚಮ್ಮಾ, ಕೆಡಚಿರುಚ್ಚು!" ಎಂದು ಕೂಗುತ್ತಲೇ ಬಂದ. ಸಿಕ್ಕಿತು ಅನ್ನುವಷ್ಟು ತಮಿಳು ಕೊಳ್ಳೇಗಾಲದ ಯಾವ ಹೆಂಗಸಿಗೂ ಗೊತ್ತು.

ಅವನು ಮುಷ್ಟಿ ಬಿಚ್ಚಿದ. ಅವ್ವ ತೆಗೆದುಕೊಂಡಳು. ಲೇಪ ಹಾಗೇ ಇತ್ತು. ಹೆಬ್ಬೆರಳು ನೇರವಾಗಿ ಹೋಗಿ ಹಲ್ಲಿನ ಗುರುತಿನ ಮೇಲೆ ನಿಂತಿತು. ಆಮೇಲೆ ಅವಳ ಇನ್ನೊಂದು ಕೈ ಎದೆಯ ಮೇಲಿನ ವಸ್ತ್ರವನ್ನು ಮುಟ್ಟಿತು.

ನಾನು ಏನೇನೋ ಹೇಳಿದೆ. ನೀನು ಸಾಯುತ್ತಿದ್ದೆ, ನಾನೇನು ಮಾಡಲಿ ಎಂದೆ. ಅವಳು ಮುತ್ತಯ್ಯನಿಗೆ ಕೈ ಮುಗಿದು ಕಳಿಸಿದಳು.

"ಲಿಂಗ ಅಂದ್ರೆ ಗಂಡ ಕಣ್ಲಾ" ಅಂದಳು ಆಮೇಲೆ. ದನಿ ಏರಿಸಲಿಲ್ಲ. "ಅವ್ನು ನನ್ನ ಉಡುಕ್ಕಂಡು ಬಂದ. ನಾನು ಇನ್ನೊಬ್ಬನ್ನ ಕಟ್ಕಂಡು ಉಂಡು ಕೂತಿದ್ದೆ."

"ಅವ್ವಾ, ಈಗ ಇದ್ನೇ ಕಟ್ಕ. ಅದ್ನ ಬಿಸಾಕು."

"ಬುದ್ದಿಯೋರು ಸುದ್ದ ಮಾಡಿ ಕಟ್ಟೋಗಂಟ ನಾನಿದ್ನ ಕಟ್ಟಾಕಿಲ್ಲ. ಬುದ್ದಿಯೋರು ಏನಾಯ್ತು ಅಂತ ಕೇಳ್ತಾರ. ಏಳೋಳು ನಾನಲ್ಲ. ನನ್ ಮಗ ಕಲ್ಲ ತಂದು ಲಿಂಗ ಅಂತ ಕೊಟ್ಟ, ನನ್ನಾಣೆ ಮಾಡ್ದ ಅಂತ ನನ್ ಬಾಯಲ್ಲಿ ಬರಾಕಿಲ್ಲ. ಮಾಡ್ದೋನು ನೀನು, ಬುದ್ದಿಯೋರ್ಗೆ ನೀನೇ ಏಳು. ಅಲ್ಲಿಗಂಟ ಈ ಕಲ್ಲೇ ಇರ್ಲಿ, ಬರೀ ಕುತ್ಗೆ ನೋಡಿ ಜನ ಏನೂ ಕೇಳದಂಗೆ."

ನಿಜವಾದ ಲಿಂಗವನ್ನು ಸೆರಗಿನ ತುದಿ ಹರಿದು ಸುತ್ತಿ, ನನ್ನ ಕೈಗೆ ಕೊಟ್ಟಳು. ರೈಲು ಬಂತು. ಸೇತುವೆ ದಾಟುವಾಗ ಅವಳು ಕಿಟಕಿಯ ಕಡೆ ತಿರುಗಲಿಲ್ಲ.

ಒಂದು ಮಾತು. ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಊರಿಗೆ ಬಂದ ಮೂರನೆಯ ದಿನವೇ ಮಠಕ್ಕೆ ಹೋದೆ. ಅಲ್ಲಿ ಜನ ತುಂಬಿದ್ದರು, ಬಂದೆ. ಇನ್ನೊಂದು ಸಲ ಹೋದಾಗ ಬುದ್ದಿಯವರೇ ಎಲ್ಲರ ಎದುರಿಗೆ, ತಾಯಿಯ ಸೇವೆ ಮಾಡಿದರೆ ಇವನ ಹಾಗೆ ಮಾಡಬೇಕು ಎಂದು ನನ್ನ ಬೆನ್ನು ತಟ್ಟಿದರು. ಮಠದ ದಾಸೋಹದ ಉಸ್ತುವಾರಿ ನನಗೇ ವಹಿಸಿದರು. ಬೇಡವೆನ್ನಲಿಲ್ಲ. ಹೆತ್ತವಳ ಕೊರಳಿಗೆ ಕಲ್ಲು ಕಟ್ಟಿದವನು ಸಾವಿರ ಜನಕ್ಕೆ ಪ್ರಸಾದ ಬಡಿಸಿದೆ. ಮಗಳಿಗೆ ಗಂಡು ಗೊತ್ತಾಗಲಿ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಗೊತ್ತಾಯಿತು. ಮದುವೆ ಮುಗಿಯಲಿ ಅಂದುಕೊಂಡೆ. ಅದೂ ಮುಗಿಯಿತು. ನೆವಕ್ಕೆ ಬರವೇ?

ನಾನು ಹೇಳುವ ದಿನದವರೆಗೆ ಜೀವ ಹಿಡಿದುಕೊಳ್ಳಲಿಕ್ಕೆಂದು ಅವ್ವ ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾಳೆ. ಹಣ್ಣು, ಬೆಲ್ಲ, ಹಾಲು ಬಿಟ್ಟಿದ್ದಾಳೆ. ಬೆಳಿಗ್ಗೆ ಮನೆಯವರ ಕಣ್ಣಿಗಾಗಿ ಆ ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕೂರುತ್ತಾಳೆ, ವಿಭೂತಿ ಹಚ್ಚುತ್ತಾಳೆ, ಮಂತ್ರ ಹೇಳುವುದಿಲ್ಲ. ತುಟಿ ಮಾತ್ರ ಅಲ್ಲಾಡಿಸುತ್ತಾಳೆಂದು ನನ್ನೊಬ್ಬನಿಗೆ ಗೊತ್ತು. ನನ್ನನ್ನು ಒಂದು ದಿನವೂ ಕೇಳಿಲ್ಲ. ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕಳೆದ ಕಾರ್ತಿಕದಲ್ಲಿ ಬುದ್ದಿಯವರೇ ಪಾದಪೂಜೆಗೆ ನಮ್ಮ ಮನೆಗೆ ಬಂದರು. ಇದು ಅರವತ್ತೊಂಬತ್ತು, ಎಂಟು ವರ್ಷವಾಗಿದೆ. ಅವ್ವನಿಗೆ ಎದ್ದು ನಿಲ್ಲುವ ಶಕ್ತಿ ಇಲ್ಲ. ಪೂಜೆ ಮುಗಿದ ಮೇಲೆ ಬುದ್ದಿಯವರು ಅವಳ ಮಂಚದ ಹತ್ತಿರ ಕೂತರು. ಕೋಣೆಯಲ್ಲಿ ನಾವು ಮೂವರೇ.

"ದೊಡ್ಡಬಸಮ್ಮಾ, ಸೊರಗಿದ್ದೀಯಲ್ಲ. ಮನಸ್ಸಿನಲ್ಲಿ ಏನಾದರೂ ಉಳಿದಿದ್ದರೆ ಹೇಳಿಕೊಳ್ಳವ್ವ."

ಅವ್ವ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಎಂಟು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ಬೇಡುವ ಕಣ್ಣು ಅದು. ಹೆತ್ತವಳು ಮಗನನ್ನು ಹಾಗೆ ನೋಡಬಾರದು. ಬೀರು ನನ್ನ ಬೆನ್ನ ಹಿಂದೆಯೇ ಇತ್ತು. ಅದರೊಳಗೆ, ಸೆರಗಿನ ಚೂರಿನಲ್ಲಿ, ಅವಳ ಲಿಂಗ. ಕೈ ಚಾಚಿದರೆ ಬಾಗಿಲು ಸಿಗುತ್ತಿತ್ತು.

ಬುದ್ದಿಯವರೂ ನನ್ನ ಕಡೆ ತಿರುಗಿದರು. "ಏನಪ್ಪ ಗುರುಪಾದಸ್ವಾಮಿ?"

"ಏನಿಲ್ಲ ಬುದ್ದಿ" ಅಂದೆ. "ವಯಸ್ಸಾಯ್ತಲ್ಲ."

ಅವ್ವ ಕಣ್ಣು ತೆಗೆದಳು. ಎದೆಯ ಮೇಲಿನ ಕಲ್ಲು ಕಾಣದ ಹಾಗೆ ಸೆರಗು ಎಳೆದುಕೊಂಡು ಗೋಡೆಯ ಕಡೆಗೆ ಹೊರಳಿದಳು. ಬುದ್ದಿಯವರು ಎದ್ದರು. ನಾನು ಅವರ ಪಾದುಕೆ ಎತ್ತಿಕೊಂಡು ಬಾಗಿಲವರೆಗೂ ಹೋಗಿ ಬೀಳ್ಕೊಟ್ಟೆ.