ಹೇಳಿದ ಹೊತ್ತು

ಭಟ್ಟರು ಪಂಚಾಂಗ ಬಿಡಿಸಿಕೊಂಡು, ಜೀವ ಹೋದದ್ದು ಎಷ್ಟು ಗಂಟೆಗೆ ಎಂದು ಕೇಳಿದಾಗ ಭಾಗೀರಥೀಬಾಯಿ ಗಂಡನ ತಣ್ಣಗಿನ ಕಾಲುಗಳನ್ನು ಧೋತರದಿಂದ ಮುಚ್ಚುತ್ತಿದ್ದರು. ಮನೆ ತುಂಬ ಜನ. ಎಲ್ಲರ ಕಣ್ಣೂ ಅವರ ಮೇಲೆ.

"ಐದಕ್ಕ," ಎಂದರು. "ಬಾಯಾಗ ಗಂಗಾನೀರು ಬಿಟ್ಟೆ. ನುಂಗಿದರು."

ನುಂಗಿರಲಿಲ್ಲ. ಅವರು ಎದ್ದು ನೋಡುವ ಹೊತ್ತಿಗೆ ಪ್ರಹ್ಲಾದರಾಯರು ಸೆಟೆದುಕೊಂಡು ಎಷ್ಟೋ ಹೊತ್ತಾಗಿತ್ತು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಒಂದು ಹನಿ ನೀರೂ ಬಿಡಲಿಲ್ಲವೆಂಬ ಮಾತು ಇಂಡಿ ಊರಿನಲ್ಲಿ ಹುಟ್ಟಿದರೆ, ಮಗಳ ಊರು ಬಸವನ ಬಾಗೇವಾಡಿಗೆ ಅದು ಮೊದಲ ಬಸ್ಸಿಗೇ ಮುಟ್ಟುತ್ತದೆ.

ಭಟ್ಟರು ಬೆರಳೆಣಿಸಿ ಮುಖ ಸಣ್ಣದು ಮಾಡಿದರು. ನಸುಕಿನ ಮೂರೂವರೆಯ ನಂತರ ಧನಿಷ್ಠಾ ನಕ್ಷತ್ರ. ಅದರಲ್ಲಿ ಸತ್ತರೆ ಆ ಮನೆಯನ್ನು ಆರು ತಿಂಗಳು ಬಿಡಬೇಕು, ಬಾಗಿಲಿಗೆ ಜಾಲಿಮುಳ್ಳು ಹಚ್ಚಬೇಕು. ಇಲ್ಲವಾದರೆ ಮತ್ತೊಂದು ಹೆಣ ಬೀಳುತ್ತದೆ ಎಂದರು.

ಅಂಗಳದಲ್ಲಿದ್ದ ಮನೆ ಮಾಲಕ ಶ್ರೀಶೈಲಪ್ಪ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ.

* * *

ಹಿಂದಿನ ವರ್ಷ, ಹೊಸ ಬಾಡಿಗೆ ಕಾಯ್ದೆ ಜಾರಿಗೆ ಬಂದ ಹೊಸತರಲ್ಲಿ, ಶ್ರೀಶೈಲಪ್ಪ ನೋಟಿಸು ಕೊಟ್ಟಿದ್ದ. ಮನೆ ಕೆಡವಿ ಅಂಗಡಿ ಸಾಲು ಕಟ್ಟಿಸುವ ಹುಕಿ ಅವನಿಗೆ. ಪ್ರಹ್ಲಾದರಾಯರು ಮೂವತ್ತು ವರ್ಷ ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂತು ಮಂದಿಯ ಅರ್ಜಿ ಟೈಪು ಮಾಡಿದವರು. ತಮಗಾಗಿ ಟೈಪು ಮಾಡಿಕೊಂಡದ್ದು ಆ ನೋಟಿಸಿನ ಉತ್ತರವೊಂದೇ. ಕಾಯ್ದೆಯ ಪುಸ್ತಕ ಎರವಲು ತಂದು ಹೆಂಡತಿಗೆ ಓದಿ ಹೇಳಿದ್ದರು. ಮೊದಲಿನಂತೆ ಬಾಡಿಗೆ ಮನೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದಿಲ್ಲ, ಕಾಯ್ದೆ ಮಾಲಕರ ಕಡೆ ವಾಲಿದೆ.

"ಆದ್ರ ಜೋಡಿ ಇದ್ದ ಹೆಂಡತಿಗೆ ಐದು ವರ್ಷ ಅದ," ಎಂದಿದ್ದರು. "ನಾ ಸತ್ತ ಮ್ಯಾಲೂ ನಿನ್ನ ಯಾರೂ ಎಬ್ಬಸಂಗಿಲ್ಲ. ನೀ ಆಗಿ ಹೊರಗ ಕಾಲಿಡಬ್ಯಾಡ, ಅಷ್ಟ."

ಹೆಂಡತಿಗೆ ಒಂದು ಗುಂಜಿ ಬಂಗಾರ ಮಾಡಿಸಲಾರದ ಮನುಷ್ಯ, ಐದು ವರ್ಷ ಮಾಡಿಸಿಟ್ಟ ಹೆಮ್ಮೆಗೆ ಅಂದು ಎರಡು ಚಪಾತಿ ಹೆಚ್ಚಿಗೆ ಉಂಡಿದ್ದರು.

* * *

ಮಧ್ಯಾಹ್ನ ಗಂಡಸರು ಸ್ಮಶಾನದಿಂದ ಮರಳುವಷ್ಟರಲ್ಲಿ ಮಗಳು ಮುಕ್ತಾ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಎರಡು ಮಕ್ಕಳ ತಾಯಿ. ಮತ್ತೊಂದು ಹೆಣ ಎಂಬ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಶ್ರೀಶೈಲಪ್ಪ ಮುಂದೆ ಬಂದು, ಶಾಸ್ತ್ರ ತಾನು ಮಾಡಿದ್ದಲ್ಲ, ಆರು ತಿಂಗಳಿಗೆ ತಿರುಗಿ ಬರಲಿ, ಅಲ್ಲಿಯವರೆಗೆ ಮನೆ ತನ್ನ ಜೋಪಾನದಲ್ಲಿರುತ್ತದೆ ಎಂದ. ಸುಳ್ಳು ಹೇಳುವಾಗ ಅವನಷ್ಟು ಚಂದ ತಲೆ ತಗ್ಗಿಸುವವರು ತಾಲೂಕಿನಲ್ಲಿಲ್ಲ.

ಭಾಗೀರಥೀಬಾಯಿ ಎದ್ದು ನಿಂತರು.

"ಐದಕ್ಕ ಅಲ್ಲ," ಎಂದರು. "ನಾ ನಿದ್ದಿಯೊಳಗ ಇದ್ದೆ. ಐದಕ್ಕ ಎದ್ದು ನೋಡಿದಾಗ ಮೈ ಕಟ್ಟಿಗಿ ಆಗಿತ್ತು. ನೀರು ಬಿಡಲೇ ಇಲ್ಲ. ಜೀವ ಮೂರೂವರಿಗಿಂತ ಎಷ್ಟೋ ಮೊದಲ ಹೋಗಿತ್ತು."

ಹೆಣಕ್ಕೆ ಸ್ನಾನ ಮಾಡಿಸಿದವರಿಗೆ ಅದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

"ಬಾಯಾರ," ಎಂದ ಶ್ರೀಶೈಲಪ್ಪ, "ಬಾಡಿಗಿ ಮನಿ ಸಲುವಾಗಿ ಗಂಡ ಸತ್ತ ಹೊತ್ತು ತಿದ್ದತೀರೇನ್ರಿ?"

ಮೊದಲು ಹೇಳಿದ ಹೊತ್ತು ಹಿಡಿದೇ ಸಂಕಲ್ಪ ಆಗಿದೆ, ಇನ್ನು ಬದಲಾಗುವುದಿಲ್ಲ ಎಂದು ಭಟ್ಟರು ಪಂಚಾಂಗ ಮಡಚಿದರು. ಮುಕ್ತಾ ತಾಯಿಯ ಕೈ ಜಗ್ಗಿದಳು. "ಸಾಕವ್ವಾ. ಮಂದಿ ಮುಂದ ಅಪ್ಪನ ಮಾನಾ ಕಳೀಬ್ಯಾಡ."

ಮಗಳೂ ನಂಬಲಿಲ್ಲ. ಬೆಳಗಿನಿಂದ ಬಾರದ ಅಳು ಭಾಗೀರಥೀಬಾಯಿಗೆ ಆಗ ಬಂತು.

ಇಳಿಹೊತ್ತಿಗೆ ಮುಂಬಾಗಿಲಿಗೆ ಜಾಲಿಮುಳ್ಳು ಅಡ್ಡ ಬಿತ್ತು. ಸಾಮಾನು ಹೇರಿದ ಟೆಂಪೋ ತಾಯಿ ಮಗಳನ್ನು ಕೂರಿಸಿಕೊಂಡು ಹಿಂದಿನ ಓಣಿಯಿಂದ ಹೊರಟಿತು. ಹಿತ್ತಲ ಬಾಗಿಲು ತೆರೆದಿತ್ತು. ಒಳಗೆ, ಹೆಣ ಮಲಗಿಸಿದ್ದ ಜಾಗದಲ್ಲಿ, ಮನೆ ಕಟ್ಟುವ ಗೌಂಡಿಯೊಬ್ಬ ಅಳತೆ ಟೇಪಿನ ತುದಿಯನ್ನು ಕಾಲಿನಿಂದ ಒತ್ತಿ ನಿಂತಿದ್ದ. ಇನ್ನೊಂದು ತುದಿ ಹಿಡಿದ ಶ್ರೀಶೈಲಪ್ಪ ಬೀದಿಯ ಗೋಡೆಯ ಕಡೆ ಹಿಂದೆ ಹಿಂದೆ ಸರಿಯುತ್ತಿದ್ದ.