ಕಫದ ಲೀಡರು

"ಉಗುಳಲ್ಲೋ ಮುದುಕಾ, ಕಫಾ ಬೇಕು. ಎದಿಯಾಗಿಂದ ತಗಿ. ಥೂ ಅಂತ ಉಗುಳಾಕ ನಿನ್ನ ಇಲ್ಲಿ ಕುಂದರಿಸೀವೇನು?"

ಹೀಗೆ ಬೈದವಳು ಡಾಕ್ಟರಲ್ಲ, ನಾನು, ಉಚ್ಚಂಗೆವ್ವ. ರಾಣೆಬೆನ್ನೂರು ಬಸ್ ನಿಲ್ದಾಣದ ಹಿಂದಿನ ಗೋಡೆಯೇ ನನ್ನ ಮನೆ. ಇನ್ನು ಮೂರು ಗೋಡೆ, ಒಂದು ಚಾವಣಿ ಬಂದರೆ ಪೂರ್ತಿಯಾಗುತ್ತದೆ. ಬೈಸಿಕೊಂಡವನು ದಾದಾಪೀರ, ಹತ್ತು ವರ್ಷದಿಂದ ನನ್ನ ಪಕ್ಕದ ಗೋಣಿತಟ್ಟಿನ ಮೇಲೆ ಮಲಗುವ ಹಮಾಲ. ಸುಗ್ಗಿಯಲ್ಲಿ ಇಬ್ಬರೂ ಬ್ಯಾಡಗಿಗೆ ಹೋಗುತ್ತಿದ್ದೆವು. ಅವನು ಮೆಣಸಿನಕಾಯಿ ಚೀಲ ಹೊರುತ್ತಿದ್ದ, ನಾನು ತೊಟ್ಟು ಬಿಡಿಸುತ್ತಿದ್ದೆ. ಅಲ್ಲಿ ಕೆಮ್ಮದವರೇ ಇಲ್ಲ, ಸಾಹುಕಾರರೂ ಕೆಮ್ಮುತ್ತಾರೆ. ಹಾಗಾಗಿ ದಾದಾಪೀರನ ಕೆಮ್ಮನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮನೆಯಿಲ್ಲದವರಲ್ಲಿ ಟಿಬಿ ಎಷ್ಟಿದೆ ಎಂದು ಅಧ್ಯಯನ ಮಾಡಲು ಹಾವೇರಿಯಿಂದ ಒಂದು ಸಂಸ್ಥೆಯವರು ಬಂದಿದ್ದರು. ಅವರ ಮುಖ್ಯಸ್ಥ ಡಾಕ್ಟರ್ ಶಂಭುಲಿಂಗ. ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿ ನಮ್ಮಿಂದ ನಾಲ್ಕು ಮಾರು ದೂರ ನಿಂತಿದ್ದರು. ಈ ಮಂದಿಯನ್ನು ಒಂದು ಕಡೆ ಸೇರಿಸುವುದೆಂದರೆ ಬೀದಿನಾಯಿ ಹಿಡಿದಂತೆ ಎಂದು ಜೊತೆಗೆ ಬಂದ ಜ್ಯೋತಿಲಕ್ಷ್ಮಿ ಮೇಡಂಗೆ ನಮ್ಮೆದುರೇ ಹೇಳಿದರು. ನನಗೆ ಸಿಟ್ಟು ಬರಬೇಕಿತ್ತು. ಬರುವಷ್ಟರಲ್ಲಿ ನನ್ನನ್ನೇ ಲೀಡರ್ ಮಾಡಿ, ಫೋಟೋ ಇರುವ ಕಾರ್ಡೊಂದನ್ನು ಕೊರಳಿಗೆ ಹಾಕಿಬಿಟ್ಟರು. ಈ ಕೊರಳಿಗೆ ಬಿದ್ದ ಎರಡನೆಯ ವಸ್ತು ಅದು. ಮೊದಲನೆಯದನ್ನು ಕಟ್ಟಿದವನು ಓಡಿಹೋಗಿ ಬಹಳ ವರ್ಷವಾಯಿತು. ನಾಯಿ ಹಿಡಿಯಲು ನಾಯಿಯೇ ಸಿಕ್ಕಿತ್ತು, ಬಾಲ ಅಲ್ಲಾಡಿಸುತ್ತ.

ಎರಡೇ ದಿನದಲ್ಲಿ ಗುಡಿ, ದರ್ಗಾ, ರೈಲ್ವೆ ನಿಲ್ದಾಣದ ಮುಂದೆ ಮಲಗುವವರನ್ನೆಲ್ಲ ಗದರಿಸಿ ಕರೆತಂದೆ. ನನ್ನನ್ನೂ ಸೇರಿಸಿ ನಲವತ್ತಮೂರು ಜನ. ದಾದಾಪೀರ ಒಬ್ಬನೇ ಒಲ್ಲೆನೆಂದ.

"ಇವರು ಎಣಸಾಕ ಬಂದಾರ ಬೇ, ಹುಷಾರ ಮಾಡಾಕಲ್ಲ."

ಹಲ್ಕಟ್ ಎಂದು ಬೈದು ಕಫ ಹಿಡಿಯುವ ಡಬ್ಬಿಯನ್ನು ಅವನ ಕೈಗೆ ತುರುಕಿದೆ.

ಮೇಡಂ ಟ್ಯಾಬ್ ಹಿಡಿದು ವಿಳಾಸ ಕೇಳಿದಾಗ ಎಲ್ಲರೂ ನಕ್ಕೆವು. ವಿಳಾಸವಿಲ್ಲ ಎಂದೇ ನಮ್ಮನ್ನು ಆರಿಸಿದ್ದು. ಆದರೆ ಅದನ್ನು ತುಂಬದೆ ಟ್ಯಾಬ್ ಮುಂದಕ್ಕೆ ಹೋಗುತ್ತಿರಲಿಲ್ಲ. ಸದ್ಯಕ್ಕೆ ನಮ್ಮ ಆಫೀಸಿನದೇ ಹಾಕಿ ಎಂದರು ಡಾಕ್ಟರು. ರೋಗ ಇದ್ದವರಿಗೆ ಕೂಡಲೇ ತಿಳಿಸುತ್ತೇವೆ ಎಂದು ಹೇಳಿ ಗಾಡಿ ಹತ್ತಿದರು. ನಲವತ್ತಮೂರು ಜನ ಒಂದೇ ಮನೆಯವರಾದೆವು. ನಾನು ಅದಕ್ಕೂ ಉಬ್ಬಿದೆ.

ಮೂರು ತಿಂಗಳು ಕಳೆಯಿತು. ದಾದಾಪೀರ ಮೊದಲು ಚೀಲ ಹೊರುವುದನ್ನು ಬಿಟ್ಟ, ಆಮೇಲೆ ಎದ್ದು ಕೂರುವುದನ್ನು ಬಿಟ್ಟ. ಕೆಮ್ಮಿದಾಗ ರಕ್ತ ಬಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗೇ ಎಂದು ಅವನೇ ಕೇಳಿದ. ಏನಾದರೂ ಇದ್ದಿದ್ದರೆ ತಿಳಿಸುತ್ತಿದ್ದರು, ಇದು ಮೆಣಸಿನಕಾಯಿ ಘಾಟು, ಲೀಡರ್ ನಾನಿದ್ದೇನೆ ಎಂದೆ. ಹೌದು, ಹಾಗೆಂದವಳು ನಾನೇ.

ಆಗ ಮೇಡಂ ಮತ್ತೆ ಬಂದರು, ಅವನನ್ನು ನೋಡಲು ಅಲ್ಲ. ಹಾವೇರಿಯಲ್ಲಿ ಅಧ್ಯಯನದ ವರದಿ ಓದುವ ಸಭೆ ಇದೆ, ಲೀಡರ್ ಎರಡು ಒಳ್ಳೆಯ ಮಾತು ಆಡಬೇಕು ಎಂದರು. ಹೊಸ ಸೀರೆ ಕೊಟ್ಟರು. ನಾಚಿಕೆಯಿಲ್ಲದೆ ಉಟ್ಟು ಹೊರಟೆ.

ಸಭೆಗೆ ಇನ್ನೂ ಒಂದು ತಾಸು ಇತ್ತು. ಅವರ ಆಫೀಸಿನಲ್ಲಿ, ಕುರ್ಚಿ ಖಾಲಿ ಇದ್ದರೂ, ನನ್ನನ್ನು ನೆಲದ ಮೇಲೆ ಕೂರಿಸಿ ಹೋದರು. ಎದುರಿನ ಕಪಾಟಿನ ಕೆಳಗಿನ ಸಾಲಿನಲ್ಲಿ ಲಕೋಟೆಗಳ ಕಟ್ಟೊಂದು ಧೂಳು ತಿನ್ನುತ್ತಿತ್ತು. ಐದನೇ ತರಗತಿ ಓದಿದ ಕಣ್ಣು ಸುಮ್ಮನಿರಲಿಲ್ಲ. ಮೇಲಿನ ಲಕೋಟೆಯ ಮೇಲೆ ನನ್ನದೇ ಹೆಸರು, ಕೆಳಗೆ ಆ ಆಫೀಸಿನದೇ ವಿಳಾಸ. ಲ್ಯಾಬಿನವರು ನಲವತ್ತಮೂರು ಜನರ ರಿಸಲ್ಟನ್ನೂ ನಮ್ಮ "ಮನೆ"ಗೇ ಕಳಿಸಿದ್ದರು. ಒಂದನ್ನೂ ಯಾರೂ ಒಡೆದಿರಲಿಲ್ಲ.

ದಾದಾಪೀರನದನ್ನು ಒಡೆದೆ. ನಮಗೆ ತಿಳಿಯಲೆಂದು, ಪಾಪ, ಕನ್ನಡದಲ್ಲೇ ಅಚ್ಚು ಹಾಕಿದ್ದರು. ಕ್ಷಯರೋಗವಿದೆ, ತಕ್ಷಣ ಔಷಧ ಶುರುಮಾಡಬೇಕು. ತಾರೀಖು ಹತ್ತು ವಾರ ಹಿಂದಿನದು.

ಉಳಿದವನ್ನೂ ಒಂದೊಂದಾಗಿ ಒಡೆದೆ. ಒಟ್ಟು ಆರು ಜನರಿಗೆ ರೋಗವಿತ್ತು. ನನ್ನದನ್ನು ಒಡೆಯಲು ಧೈರ್ಯ ಸಾಲಲಿಲ್ಲ. ಆರು ಕಾಗದಗಳನ್ನೂ ನನ್ನ ಲಕೋಟೆಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಸಭೆಗೆ ಹೋದೆ.

ವೇದಿಕೆಯ ಮೇಲೆ ಡಾಕ್ಟರು, ಲ್ಯಾಬಿನವರು ಬೇರೆಯಾಗಿ ಕಳಿಸಿದ್ದ ಒಟ್ಟು ಲೆಕ್ಕವನ್ನು ಓದಿ, ನಲವತ್ತಮೂರರಲ್ಲಿ ಏಳು ಜನರಿಗೆ ರೋಗ ಸಿಕ್ಕಿದೆ, ಇದು ಮಹತ್ವದ ಅಂಕಿ ಎಂದರು. ಚಪ್ಪಾಳೆ ಬಿತ್ತು. ನನ್ನ ಕಿವಿಯಲ್ಲಿ ಏಳು ಎನ್ನುವುದೊಂದೇ ಉಳಿಯಿತು. ಆಮೇಲೆ ನನ್ನನ್ನು ಕರೆದರು. ಮೈಕಿನ ಮುಂದೆ ನಿಂತು ಓದಿದೆ.

"ದಾದಾಪೀರ, ಬಸ್‌ಸ್ಟ್ಯಾಂಡ್ ಹಿಂದಿನ ಗ್ವಾಡಿ. ಮುಮ್ತಾಜಬಿ, ದರ್ಗಾದ ಕಟ್ಟಿ..."

ಡಾಕ್ಟರು ಧಾವಿಸಿ ಬಂದರು. "ಏಯ್, ಹೆಸರು ಹೇಳಬಾರದು. ಅದು ಗುಟ್ಟಿನ ವಿಷಯ ಐತಿ."

"ಖರೇ ರೀ," ಎಂದೆ. "ದಾದಾಪೀರಗೂ ಇನ್ನಾ ಗೊತ್ತಿಲ್ಲ."

ಮುಂದಿನ ಸಾಲಿನಲ್ಲಿ ಯಾರೋ ನಕ್ಕು, ತಪ್ಪಾಯಿತೆಂದು ತಿಳಿದು ನಿಲ್ಲಿಸಿದರು. ನಾನು ಮೈಕಿನ ಸಮೇತ ವೇದಿಕೆಯ ಮೇಲೆಯೇ ಕುಳಿತೆ.

"ಗಾಡಿ ಕಳಸ್ರಿ. ಅವರ ಬಾಯಾಗ ಗುಳಿಗಿ ಬೀಳೂತನಕಾ ನಾ ಏಳಂಗಿಲ್ಲ."

ಭಿಕಾರಿಗಳನ್ನು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ ಎಂದು ಡಾಕ್ಟರು ಹಲ್ಲು ಕಡಿದು ಇಬ್ಬರಿಗೆ ಸನ್ನೆ ಮಾಡಿದರು. ಅವರು ಬಂದು ನನ್ನ ಎರಡೂ ರಟ್ಟೆ ಹಿಡಿದರು. ನಾನು ಉಳಿದ ಹೆಸರುಗಳನ್ನೂ ಓದಿ ಮುಗಿಸಿದೆ. ಆಮೇಲೆ ನನ್ನ ಲಕೋಟೆಯನ್ನು ಹಲ್ಲಿನಿಂದ ಹರಿದೆ.

"ಏಳನೇದು ಉಚ್ಚಂಗೆವ್ವ," ಎಂದೆ. "ಲೀಡರ್."

ರಟ್ಟೆ ಹಿಡಿದಿದ್ದ ಕೈಗಳು ತಾವಾಗಿಯೇ ಬಿಟ್ಟವು. ಇಬ್ಬರೂ ಹಿಂದೆ ಹಿಂದೆ ಸರಿದು ಗೋಡೆಗೆ ಆತುಕೊಂಡರು. ಅಷ್ಟು ದೊಡ್ಡ ವೇದಿಕೆಯಲ್ಲಿ ಈಗ ನನ್ನ ಹತ್ತಿರ ಬರುವವರು ಒಬ್ಬರೂ ಇರಲಿಲ್ಲ. ನಾನು ಕಾಲು ಚಾಚಿ ಕುಳಿತೆ.