ರೆಕ್ಕೆ ನಿಂತ ಮೇಲೆ

ಶಿರಾ ಗೇಟ್ ಹತ್ತಿರದ ಕಂಟ್ರೋಲ್ ರೂಮಿನಲ್ಲಿ ಆವತ್ತು ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು. ಗುಬ್ಬಿ ಕಡೆಯ ಗುಡ್ಡದ ಗಾಳಿಯಂತ್ರಗಳಿಗೆ ಇಂಜಿನಿಯರ್ ಸುಮನಾ ಜೋಡಿಸಿದ್ದ ದೊಡ್ಡ ಬ್ಯಾಟರಿ ಮೊದಲ ಪರೀಕ್ಷೆಯಲ್ಲೇ ಪಾಸಾಗಿತ್ತು. ಮೊದಲಾದರೆ ಗ್ರಿಡ್ ಕೊಂಚ ಮಿಸುಕಿದರೂ ಯಂತ್ರಗಳು ಮುನಿಸಿಕೊಂಡು ನಿಲ್ಲುತ್ತಿದ್ದವು, ಲೈನೂ ಸಾಯುತ್ತಿತ್ತು. ಇವತ್ತು ಸಬ್‌ಸ್ಟೇಷನ್ನಿನಿಂದ ಕರೆಂಟ್ ಹೋಗಿದೆ, ಯಂತ್ರಗಳೂ ನಿಂತಿವೆ. ಆದರೂ ಬ್ಯಾಟರಿಯೊಂದೇ ಲೈನನ್ನು ಹಿಡಿದುಕೊಂಡಿದೆ. ಸ್ಕ್ರೀನಿನ ಮೇಲೆ ವೋಲ್ಟೇಜಿನ ಗೆರೆ ನೆಟ್ಟಗೆ ಓಡುತ್ತಿದೆ.

"ಕೂದಲೆಳೆಯಷ್ಟೂ ಅಲ್ಲಾಡ್ತಿಲ್ಲ ನೋಡಮ್ಮ," ಎಂದರು ಮ್ಯಾನೇಜರ್ ರಾಮಾಂಜಿನಯ್ಯ.

ಸುಮನಾ ಹಿಗ್ಗಿದಳು. ಯಾಕೆ ಹಿಗ್ಗಬಾರದು, ನಿದ್ದೆಗೆಟ್ಟು ಮಾಡಿದ ಕೆಲಸ. ಸಿಹಿ ಬಾಯಲ್ಲಿಟ್ಟುಕೊಂಡೇ ಕೇಳಿದಳು, "ಸಬ್‌ಸ್ಟೇಷನ್ನವ್ರು ಯಾಕೆ ಆಫ್ ಮಾಡಿದ್ರು ಸಾರ್?"

"ಲೈನ್ ಮೇಲೆ ತೆಂಗಿನ ಗರಿ ಬಿದ್ದದಂತೆ. ತೆಗಿಯಕ್ಕೆ ಲೈನ್‌ಮನ್ ಹೋಗವ್ನೆ."

ಆ ಲೈನಿನ ಲೈನ್‌ಮನ್ ಅವಳ ಸ್ವಂತ ಅಣ್ಣ, ಸೋಮಶೇಖರ್.

ಅಣ್ಣನ ಪದ್ಧತಿ ಅವಳಿಗೆ ಗೊತ್ತು. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಆಫ್ ಮಾಡಿಸುತ್ತಾನೆ. ಆಮೇಲೆ ಗುಡ್ಡದ ಕಡೆ ತಿರುಗಿ, ರೆಕ್ಕೆಗಳು ನಿಲ್ಲುವವರೆಗೂ ಕಾಯುತ್ತಾನೆ. "ಫೋನಲ್ಲಿ ಹೇಳೋರ್ನ ನಂಬಕ್ಕಾಗಲ್ಲ ಕಣೇ. ರೆಕ್ಕೆ ನಿಂತ್ರೆ ಮುಗೀತು, ಲೈನಲ್ಲಿ ಕರೆಂಟಿಲ್ಲ," ಎನ್ನುತ್ತಿದ್ದ. ಆ ಕಡೆಯ ಲೈನ್‌ಮನ್‌ಗಳೆಲ್ಲ ಹಾಗೆಯೇ ಮಾಡುತ್ತಿದ್ದರು, ಅದನ್ನು ನಂಬಿ ಇದುವರೆಗೆ ಯಾರೂ ಕೆಟ್ಟಿರಲಿಲ್ಲ. ಬ್ಯಾಟರಿಗೆ ರೆಕ್ಕೆ ಎಲ್ಲಿಂದ ಬರಬೇಕು? ಬೇಲಿಯೊಳಗೆ ಒಂದು ಬಿಳಿ ಡಬ್ಬ, ಅಷ್ಟೇ. ಅದರ ವಿಷಯ ಲೈನ್‌ಮನ್‌ಗಳಿಗೆ ತಿಳಿಸುವುದನ್ನು ಆಫೀಸಿನ ಮಹಾಶಯರು ಮುಂದಿನ ವಾರದ ಮೀಟಿಂಗಿಗೆ ಇಟ್ಟಿದ್ದರು.

ಸುಮನಾ ಅಣ್ಣನಿಗೆ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಕಂಬ ಹತ್ತುವಾಗ ಅವನು ಫೋನನ್ನು ಬೈಕಿನ ಬ್ಯಾಗಿನಲ್ಲಿಟ್ಟು ಹೋಗುತ್ತಾನೆ.

"ಸಾರ್, ಬ್ಯಾಟರಿ ಆಫ್ ಮಾಡಿ. ನಮ್ಮಣ್ಣ ಕಂಬ ಹತ್ತಿರ್ತಾನೆ."

"ತಾಳಮ್ಮ, ಟೆಸ್ಟಿನ ರೀಡಿಂಗ್ ಇನ್ನೂ ಬರ್ತಾ ಅದೆ. ಮೇಲಿನವ್ರನ್ನ ಒಂದ್ಮಾತು ಕೇಳ್ಬುಟ್ಟು..."

ಆ ಮನುಷ್ಯನ ಕುರ್ಚಿಯನ್ನು ಪಕ್ಕಕ್ಕೆ ನೂಕಿ ಅವಳು ಮೌಸಿಗೆ ಕೈ ಹಾಕಿದಳು. ಅಷ್ಟರಲ್ಲಿ, ಲೈನಿಗೆ ಏನೋ ತಗುಲಿದ ಹಾಗೆ, ಸ್ಕ್ರೀನಿನ ಮೇಲಿನ ಗೆರೆ ಒಂಚೂರು ಕೆಳಕ್ಕೆ ಬಾಗಿತು. ಅವಳೇ ಕಲಿಸಿದ್ದ ಹಾಗೆ ಬ್ಯಾಟರಿ ಅದನ್ನು ಗಮನಿಸಿತು, ಬೇಕಾದಷ್ಟು ಕರೆಂಟ್ ಕೊಟ್ಟಿತು, ಗೆರೆ ಮತ್ತೆ ನೆಟ್ಟಗಾಯಿತು.

"ನೋಡಿದ್ರಾ, ಎಷ್ಟು ಬೇಗ ಸರಿ ಮಾಡ್ಕೊಂತು," ಎಂದು ಹಿಂದಿನ ಟೇಬಲ್ಲಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ಸುಮನಾ ಆಫ್ ಒತ್ತಿದಳು. ಇನ್ನೊಂದು ಕೈಯಲ್ಲಿ ಅಣ್ಣನಿಗೆ ಮಾಡಿದ ಫೋನು ರಿಂಗ್ ಆಗುತ್ತಲೇ ಇತ್ತು.